ರೈಜನ್ 5600ಎಕ್ಸ್: ಏರ್ ಕೂಲರ್‌ನಲ್ಲೇ, ಏಪ್ರಿಲ್ ಸೆಖೆಯಲ್ಲೇ 4.65 ಗಿಗಾಹರ್ಟ್ಸ್

ಲಿಕ್ವಿಡ್ ಕೂಲರ್ ಇಲ್ಲದೆ ಎಎಂಡಿಯ ಈ ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡಲು, ಅಂದರೆ ಕಂಪನಿ ಇಟ್ಟ ವೇಗಕ್ಕಿಂತ ಮೇಲೆ ಓಡಿಸಲು, ಕೈ ಹಾಕಬೇಡ ಅಂತ ಬೆಂಗಳೂರಿನ ಕಂಪ್ಯೂಟರ್ ಮಾರುಕಟ್ಟೆ ಎಸ್.ಪಿ. ರೋಡಿನಲ್ಲೂ ಹೇಳಿದರು, ಗೆಳೆಯರೂ ಹೇಳಿದರು. ನಾನು ಹಾಕಿಸಲಿಲ್ಲ. ಸುಮಾರು ಎರಡೂವರೆ ಸಾವಿರದ ಒಂಟಿ ಟವರ್ ಏರ್ ಕೂಲರ್, ಏಪ್ರಿಲ್ ಮಧ್ಯಾಹ್ನ, ಕೋಣೆಯಲ್ಲಿ 32 ಡಿಗ್ರಿ. ಪ್ರೊಸೆಸರನ್ನು ಪೂರ್ತಿ ದುಡಿಸಿ ಅಂಕ ಕೊಡುವ ಸಿನೆಬೆಂಚ್ ಅರ್ಧ ಗಂಟೆ ಓಡಿದರೂ ಆರೂ ಕೋರ್ 4.65 ಗಿಗಾಹರ್ಟ್ಸ್ ಆಸುಪಾಸಿನಲ್ಲೇ ನಿಲ್ಲುತ್ತವೆ, ತಾಪ 78 ಡಿಗ್ರಿ ದಾಟುವುದಿಲ್ಲ.

ಮೊದಲು ಎಲ್ಲರ ಹಾಗೆ ವೇಗವನ್ನು ಫಿಕ್ಸೆಡ್ 4.7 ಗಿಗಾಹರ್ಟ್ಸ್, ವೋಲ್ಟೇಜನ್ನು 1.35 ವೋಲ್ಟ್ ಇಟ್ಟಿದ್ದೆ. ಹತ್ತೇ ನಿಮಿಷಕ್ಕೆ ತಾಪ 93. ಮಿತಿ ಇರುವುದೇ 95. ಸ್ಟಾಕ್‌ನಲ್ಲಿ, ಅಂದರೆ ಏನೂ ಬದಲಿಸದೆ, 76 ವ್ಯಾಟ್‌ಗೆ ಸಿನೆಬೆಂಚ್ ಆರ್23 ಸ್ಕೋರು ಹನ್ನೊಂದು ಸಾವಿರದ ಹತ್ತಿರ ಬರುತ್ತಿತ್ತು. ಇಲ್ಲಿ 120 ವ್ಯಾಟ್ ಉರಿದು ಸಿಕ್ಕಿದ್ದು ಹನ್ನೆರಡು ಸಾವಿರ. ಸುಮ್ಮನೆ ಕೂತಾಗಲೂ ವೋಲ್ಟೇಜ್ ಕೆಳಗಿಳಿಯುತ್ತಿರಲಿಲ್ಲ.

ಆಮೇಲೆ ದುಡ್ಡು ಸುರಿದೆ. ಒಂಬೈನೂರರ ಥರ್ಮಲ್ ಪೇಸ್ಟ್‌ಗೆ ಒಂದೂವರೆ ಡಿಗ್ರಿ ಇಳಿಯಿತು. ಸಾವಿರದ ಐನೂರರ ಮೂರು ಫ್ಯಾನಿಗೆ ಎರಡು ಡಿಗ್ರಿ. ಕೊನೆಗೆ ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದಿಟ್ಟು ಓಡಿಸಿದರೆ ಏಳು ಡಿಗ್ರಿ ಸೀದಾ ಇಳಿಯಿತು! ಮುಂಭಾಗದ ಗಾಜೇ ಗಾಳಿ ತಡೆಯುತ್ತಿತ್ತು. ಕೂಲರ್‌ಗೆ ದುಡ್ಡು ಕೊಡುವ ಮೊದಲು ಈ ಪರೀಕ್ಷೆ ಮಾಡಿ, ಖರ್ಚಿಲ್ಲ. ಜಾಲರಿ ಮುಖದ ಕ್ಯಾಬಿನೆಟ್ಟಿಗೆ ಮೂರೂವರೆ ಸಾವಿರ ಆಯಿತು.

ವೇಗದ ಬೆನ್ನು ಬಿಟ್ಟು ವೋಲ್ಟೇಜ್ ಹಿಡಿದ ಮೇಲೆ ಕೆಲಸ ಕೈಗೂಡಿತು. ಬಯೋಸ್‌ನಲ್ಲಿ ಪಿಬಿಓ (ಪ್ರಿಸಿಷನ್ ಬೂಸ್ಟ್ ಓವರ್‌ಡ್ರೈವ್) ಅಡ್ವಾನ್ಸ್ಡ್, ಮಿತಿಗಳು ಮ್ಯಾನುವಲ್: ಒಟ್ಟು ವಿದ್ಯುತ್ತಿನ ಮಿತಿ ಪಿಪಿಟಿ 92 ವ್ಯಾಟ್, ಸತತ ಕರೆಂಟಿನ ಮಿತಿ ಟಿಡಿಸಿ 65 ಆಂಪ್, ಕ್ಷಣಿಕ ಕರೆಂಟಿನ ಮಿತಿ ಇಡಿಸಿ 95 ಆಂಪ್. ಬೂಸ್ಟ್ ಓವರ್‌ರೈಡ್ 200 ಮೆಗಾಹರ್ಟ್ಸ್ ಕೊಟ್ಟರೆ ಒಂಟಿ ಕೋರ್ 4.85 ಮುಟ್ಟುತ್ತದೆ. ಪ್ರತಿ ಕೋರಿನ ವೋಲ್ಟೇಜ್ ಇಳಿಸುವ ಕರ್ವ್ ಆಪ್ಟಿಮೈಸರ್ ಅನ್ನು ಎಲ್ಲ ಕೋರಿಗೂ ಒಂದೇ ಸಲ ಮೈನಸ್ 30 ಮಾಡಬೇಡಿ, ನಾನು ಕೆಟ್ಟಿದ್ದು ಅಲ್ಲೇ. ಸಿನೆಬೆಂಚ್ ಗಂಟೆಗಟ್ಟಲೆ ತಡೆಯಿತು, ಬ್ರೌಸರ್ ತೆರೆದಿಟ್ಟು ಕೂತಾಗ ಮಿಷನ್ ರೀಸ್ಟಾರ್ಟ್. ಹಗುರ ಕೆಲಸದಲ್ಲೇ ಕೋರ್ ತುದಿ ವೇಗಕ್ಕೆ ಏರುತ್ತದೆ, ವೋಲ್ಟೇಜ್ ಸಾಲದಾಗುವುದೂ ಆಗಲೇ. ರೀಸ್ಟಾರ್ಟ್ ಆದರೆ ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ವೀಯಾ (WHEA) 18 ಎಂಬ ಹಾರ್ಡ್‌ವೇರ್ ದೋಷದ ದಾಖಲೆ ಹುಡುಕಿ. ಅಲ್ಲಿರುವ ಎಪಿಐಸಿ ಐಡಿ (APIC ID) ಸಂಖ್ಯೆಯನ್ನು ಎರಡರಿಂದ ಭಾಗಿಸಿದರೆ ಸಾಮಾನ್ಯವಾಗಿ ತಪ್ಪಿತಸ್ಥ ಕೋರ್ ಸಿಗುತ್ತದೆ. ಆ ಕೋರಿನ ಮೈನಸ್ಸನ್ನು ಮೂರರಷ್ಟು ಕಡಿಮೆ ಮಾಡಿ. ಚಿಪ್ ತಾನೇ ಅತ್ಯುತ್ತಮ ಅಂತ ಗುರುತಿಸಿದ ಎರಡು ಕೋರುಗಳು ಕಡಿಮೆ ಮೈನಸ್ ತಡೆಯುತ್ತವೆ. ನನ್ನವು ಮೈನಸ್ ಹತ್ತರ ಒಳಗೇ ನಿಂತವು, ಉಳಿದವು ಇಪ್ಪತ್ತು ದಾಟಿವೆ. ಪೂರ್ತಿ ಪಟ್ಟಿ ಕೊಡುವುದಿಲ್ಲ, ನಿಮ್ಮ ಚಿಪ್ಪಿಗೆ ಅದು ಒಗ್ಗುವುದೂ ಇಲ್ಲ. ಒಂದೊಂದೇ ಕೋರನ್ನು ಪರೀಕ್ಷಿಸುವ ಕೋರ್‌ಸೈಕ್ಲರ್‌ನಲ್ಲಿ ಕೋರಿಗೊಂದು ಗಂಟೆ, ಒಂದು ರಾತ್ರಿ ಪೂರ್ತಿ ಬಿಡಿ. ವೇಗ ನೋಡುವಾಗ ಎಚ್‌ಡಬ್ಲ್ಯೂಇನ್ಫೋ (HWiNFO) ತಂತ್ರಾಂಶದ ಎಫೆಕ್ಟಿವ್ ಕ್ಲಾಕ್, ಅಂದರೆ ಕೋರ್ ನಿಜಕ್ಕೂ ಓಡಿದ ಸರಾಸರಿ ವೇಗ, ಮಾತ್ರ ನಂಬಿ. ಸ್ಕೋರು ಈಗ 11,900, ಎಂದರೆ 120 ವ್ಯಾಟ್‌ನಲ್ಲಿ ಬರುತ್ತಿದ್ದುದಕ್ಕೆ ಕೂದಲೆಳೆ ಕಡಿಮೆ.

ಈ ಟ್ಯೂನಿಂಗ್ ಡಿಸೆಂಬರಿನಲ್ಲಿ ಮಾಡಿದರೆ ಕೆಲಸಕ್ಕೆ ಬಾರದು. ಕೋಣೆ ಹತ್ತು ಡಿಗ್ರಿ ಏರಿದರೆ ಪ್ರೊಸೆಸರೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ.

ಮಧ್ಯೆ ಒಂದು ಪ್ರಯೋಗ: ಪಕ್ಕದ ಸೈಟಿನ ಕಟ್ಟಡದ ಧೂಳಿಗೆ ಮುಂಭಾಗಕ್ಕೆ ಸೊಳ್ಳೆ ಪರದೆಯ ಜಾಲರಿ ಅಂಟಿಸಿದೆ. ಧೂಳು ಅರ್ಧಕ್ಕರ್ಧ ನಿಂತಿತು, ತಾಪ ಎರಡು ಡಿಗ್ರಿ ಏರಿತು. ತೆಗೆದಿಲ್ಲ. ಹದಿನೈದು ದಿನಕ್ಕೊಮ್ಮೆ ಬ್ರಷ್ ಆಡಿಸುತ್ತೇನೆ. ಫ್ಯಾನ್ ಪದೇಪದೇ ಕೂಗಿದರೆ ಬಯೋಸ್‌ನಲ್ಲಿ ಸ್ಟೆಪ್ ಅಪ್ ಸಮಯ, ಅಂದರೆ ತಾಪ ಏರಿದಾಗ ಫ್ಯಾನ್ ವೇಗ ಹೆಚ್ಚಿಸಲು ತೆಗೆದುಕೊಳ್ಳುವ ಹೊತ್ತು, ನಾಲ್ಕೈದು ಸೆಕೆಂಡ್ ಇಡಿ.

ಪೇಸ್ಟ್ ಹಚ್ಚುವಾಗ ನೆನಪಿರಲಿ, ಈ ಚಿಪ್ಪಿನ ಬಿಸಿ ಜಾಗ ನಟ್ಟನಡುವೆ ಇಲ್ಲ. ಅದಕ್ಕೆ ಕೂಲರ್ ಕೂರಿಸುವ ನನ್ನದೊಂದು ಕೈಚಳಕ ಇದೆ, ಸದ್ಯಕ್ಕೆ ಅದು ನನ್ನಲ್ಲೇ ಇರಲಿ. ಕೂಲರ್ ಬಿಚ್ಚುವ ಮುನ್ನ ಮಾತ್ರ ಹತ್ತು ನಿಮಿಷ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ, ಮೆಲ್ಲಗೆ ತಿರುಚಿ ಎತ್ತಿ. ತಣ್ಣಗಿದ್ದಾಗ ಎಳೆದರೆ ಎಎಂ4 ಸಾಕೆಟ್ಟಿನಿಂದ ಪ್ರೊಸೆಸರೂ ಅಂಟಿಕೊಂಡೇ ಬರಬಹುದು, ಪಿನ್ ಬಾಗಬಹುದು.