ಕಟ್ಟಿಗೆ ಯಾವಾಗ ತೊಲೆ ಆಗುತ್ತದೆ? ಮರದ ಮನೆ ಆಮದು ಮಾಡಿದ ನನ್ನ ಅನುಭವ

ನಮ್ಮದು ಹುಬ್ಬಳ್ಳಿಯಲ್ಲಿ ಟಿಂಬರ್ ಡಿಪೋ. ಅಜ್ಜ ದಾಂಡೇಲಿ, ಯಲ್ಲಾಪುರ ಕಡೆ ಲಿಲಾವಿನಲ್ಲಿ ಸಾಗವಾನಿ ಹಿಡಿದು ತರುತ್ತಿದ್ದರು. ಈಗ ಅರ್ಧಕ್ಕಿಂತ ಜಾಸ್ತಿ ಮಾಲು ಹಡಗಿನಲ್ಲೇ ಬರುತ್ತದೆ. ಆಮದಿನ ಕಾಗದಪತ್ರದ ಕೆಲಸ ಪೂರ್ತಿ ನನ್ನದು. ಕಸ್ಟಮ್ಸ್‌ನ ಸುಂಕದ ಪಟ್ಟಿಯಲ್ಲಿ, ಅಂದರೆ ಟ್ಯಾರಿಫ್‌ನಲ್ಲಿ, ಪ್ರತಿ ಥರದ ಮಾಲಿಗೂ ಒಂದು ನಂಬರ್ ಇರುತ್ತದೆ, ಅದಕ್ಕೆ ಹೆಡಿಂಗ್ ಎನ್ನುತ್ತಾರೆ. ದಿಮ್ಮಿ ಬಂದರೆ 4403, ಕೊಯ್ದ ಕಟ್ಟಿಗೆ ಬಂದರೆ 4407. ಎಷ್ಟೋ ವರ್ಷ ಈ ಎರಡು ನಂಬರಿನಲ್ಲೇ ನನ್ನ ಕೆಲಸ ಮುಗಿಯುತ್ತಿತ್ತು.

2023ರಲ್ಲಿ ಒಬ್ಬ ಗಿರಾಕಿ ಕಲಘಟಗಿ ರಸ್ತೆಯ ತಮ್ಮ ಹೊಲದಲ್ಲಿ ಮರದ ಮನೆ ಕಟ್ಟಿಸಬೇಕೆಂದು ಬಂದರು. ಕಂಬ, ತೊಲೆ, ಜಂತಿ, ಗೋಡೆ, ಕಿಟಕಿ ಎಲ್ಲ ಯುರೋಪಿನ ಕಾರ್ಖಾನೆಯಲ್ಲಿ ತಯಾರಾಗಿ ಬರಬೇಕು, ಇಲ್ಲಿ ನಮ್ಮ ಬಡಿಗೇರರು ಜೋಡಿಸಬೇಕು. ಮರ ಸ್ಪ್ರೂಸ್, ಪೈನ್ ಜಾತಿಗೆ ಹತ್ತಿರದ್ದು. 40 ಅಡಿಯ ಎರಡು ಕಂಟೇನರ್. ಕಾರ್ಖಾನೆಯವರು ಇನ್‌ವಾಯ್ಸ್‌ನಲ್ಲಿ 'ಮರದ ಮನೆಯ ಕಿಟ್' ಎಂದು ಒಂದೇ ಸಾಲು ಬರೆದಿದ್ದರು. ನಾನು ಟ್ಯಾರಿಫ್ ತೆಗೆದು ನೋಡಿದೆ. 9406 ಅಂದರೆ ಪ್ರೀಫ್ಯಾಬ್ರಿಕೇಟೆಡ್ ಕಟ್ಟಡಗಳು. ಅದರಲ್ಲಿ 9406 10 ಮರದ ಕಟ್ಟಡಗಳು. ಸರಿಯಾಗಿ ಹೊಂದುತ್ತದೆ ಅಲ್ವಾ? ಹಡಗು ಬರುವ ಮೊದಲೇ ಆ ನಂಬರಿನಲ್ಲಿ ಬಿಲ್ ಆಫ್ ಎಂಟ್ರಿ, ಅಂದರೆ ಕಸ್ಟಮ್ಸ್‌ಗೆ ಕೊಡುವ ಆಮದಿನ ಘೋಷಣೆ, ಹಾಕಿಸಿದೆ.

ನಾನು ಓದಿದ್ದು ತಪ್ಪಿರಲಿಲ್ಲ. 94ನೇ ಅಧ್ಯಾಯದ 4ನೇ ಟಿಪ್ಪಣಿ ಸ್ಪಷ್ಟವಾಗಿದೆ. ಕಾರ್ಖಾನೆಯಲ್ಲೇ ಪೂರ್ತಿಯಾದ ಕಟ್ಟಡವಾದರೂ ಸರಿ, ಬಿಡಿಬಿಡಿಯಾಗಿ ಬಂದು ಸ್ಥಳದಲ್ಲಿ ಜೋಡಿಸುವ ಕಟ್ಟಡವಾದರೂ ಸರಿ, ಅದು 9406. ಆದರೆ ಬಿಡಿ ಭಾಗಗಳು ಒಟ್ಟಿಗೆ ಬಂದಿರಬೇಕು. ಈ 'ಒಟ್ಟಿಗೆ' ಎಂಬ ಮಾತಿನ ಮೇಲೆ ನಾನು ಕಣ್ಣಾಡಿಸಿ ಮುಂದೆ ಹೋಗಿದ್ದೆ.

ಎರಡನೇ ಕಂಟೇನರ್‌ಗೆ ಹಡಗು ತಪ್ಪಿತು. ಹಡಗು ಕಂಪನಿಯವರು ಅದನ್ನು ಮುಂದಿನ ಹಡಗಿಗೆ ಹಾಕಿದರು. ಮುಂಬೈ ಹತ್ತಿರದ ನ್ಹಾವಾ ಶೇವಾ ಬಂದರಿಗೆ ಬಂದದ್ದು ಮೊದಲನೆಯದು ಮಾತ್ರ. ಅದರಲ್ಲಿ ಕಂಬ, ತೊಲೆ, ಜಂತಿ, ರೀಪು, ಹೊರಗೋಡೆಗೆ ಹೊಡೆಯುವ ಹಲಗೆ, ಒಂದು ಪೆಟ್ಟಿಗೆ ಸ್ಕ್ರೂ. ಗೋಡೆಯ ಪ್ಯಾನೆಲ್ಲು, ಬಾಗಿಲು, ಕಿಟಕಿ ಎಲ್ಲ ಇನ್ನೂ ಸಮುದ್ರದ ಮೇಲಿದ್ದವು.

ಮೂರನೇ ದಿನ ಕಸ್ಟಮ್ಸ್‌ನಿಂದ ಕ್ವೆರಿ (ಪ್ರಶ್ನೆ) ಬಂತು. ಈಗ ಫೇಸ್‌ಲೆಸ್ ಅಸೆಸ್‌ಮೆಂಟ್ ಇರುವುದರಿಂದ ನಮ್ಮ ಬಿಲ್ಲನ್ನು ನೋಡುವ ಅಧಿಕಾರಿ ಬೇರೆ ಯಾವುದೋ ಊರಿನಲ್ಲಿರುತ್ತಾರೆ. ಅವರ ಕಣ್ಣ ಮುಂದೆ ಇರುವುದು ನಮ್ಮ ಕಾಗದ ಮಾತ್ರ. ಅವರು ಕೇಳಿದ್ದು ಇಷ್ಟೇ: ಪ್ಯಾಕಿಂಗ್ ಲಿಸ್ಟ್‌ನಲ್ಲಿ ಗೋಡೆ ಇಲ್ಲ, ಬಾಗಿಲಿಲ್ಲ, ಇದು ಕಟ್ಟಡ ಹೇಗಾಗುತ್ತದೆ?

ಬಂದರಿನಲ್ಲಿ ನಮ್ಮ ಕಸ್ಟಮ್ಸ್ ಕೆಲಸ ನೋಡುವ ಕ್ಲಿಯರಿಂಗ್ ಏಜೆಂಟ್ ಒಂದು ದಾರಿ ಹೇಳಿದರು. ವರ್ಗೀಕರಣದ ಸಾಮಾನ್ಯ ನಿಯಮಗಳಲ್ಲಿ ಎರಡನೆಯದರ ಎ ಭಾಗವನ್ನು ಹಿಡಿದು ವಾದ ಮಾಡೋಣ ಎಂದರು. ವಸ್ತು ಅಪೂರ್ಣವಾಗಿದ್ದರೂ, ಬಿಡಿಬಿಡಿಯಾಗಿದ್ದರೂ, ಪೂರ್ಣ ವಸ್ತುವಿನ ಮುಖ್ಯ ಲಕ್ಷಣ ಅದರಲ್ಲಿದ್ದರೆ ಪೂರ್ಣ ವಸ್ತು ಎಂದೇ ಎಣಿಸಬೇಕು ಎನ್ನುತ್ತದೆ ಆ ನಿಯಮ. ನಾನು ಒಂದು ರಾತ್ರಿ ಪೂರ್ತಿ ಯೋಚಿಸಿದೆ. ಗೋಡೆ, ಬಾಗಿಲು ಯಾವುದೂ ಇಲ್ಲದ ಬರೀ ಕಂಬ ತೊಲೆಗಳನ್ನು ನೋಡಿ ನಾನೇ ಮನೆ ಎನ್ನುತ್ತೇನಾ? ನನಗೆ ಹಾಗೆ ಅನಿಸಲಿಲ್ಲ. ನನಗೇ ಒಪ್ಪಿಗೆಯಾಗದ್ದನ್ನು ಬರೆದುಕೊಡಲು ಮನಸ್ಸು ಬರಲಿಲ್ಲ. ಕಟ್ಟಡದ ಭಾಗಗಳು ಬೇರೆಯಾಗಿ ಬಂದರೆ 9406ಕ್ಕೆ ಸೇರುವುದಿಲ್ಲ, ಪ್ರತಿಯೊಂದೂ ತನ್ನ ತನ್ನ ಹೆಡಿಂಗಿಗೆ ಹೋಗಬೇಕು. ಅಂದರೆ ಒಂದೊಂದೇ ತುಂಡನ್ನು ನೋಡಿ ವಿಂಗಡಿಸಬೇಕು.

ಮಾಲು ಬಂದರಿನಲ್ಲಿ, ನಾನು ಹುಬ್ಬಳ್ಳಿಯಲ್ಲಿ. ಕೈಯಲ್ಲಿದ್ದದ್ದು ಪ್ರತಿ ತುಂಡಿನ ನಂಬರ್ ಇರುವ ಡ್ರಾಯಿಂಗುಗಳು ಮತ್ತು ಕಾರ್ಖಾನೆಯವರು ಮೊದಲೇ ಕಳಿಸಿದ್ದ ಒಂದೆರಡು ಸ್ಯಾಂಪಲ್ ತುಂಡು. ನಮ್ಮ ಡಿಪೋದ ಹಿರಿಯ ಬಡಿಗೇರ ಕಾಕಾ ಅವರನ್ನು ಕೂರಿಸಿಕೊಂಡೆ. ಅವರು ಹಳೆಯ ಮಾಳಿಗೆ ಮನೆಗಳ ತೊಲೆ, ಬೋದಿಗೆ ಮಾಡಿದವರು. ಕಸ್ಟಮ್ಸ್ ಗೊತ್ತಿಲ್ಲ, ಮರ ಗೊತ್ತು.

"ಕಾಕಾ, ಇದು ತೊಲೆ ಅನ್ನಬೇಕೋ, ಕಟ್ಟಿಗೆ ಅನ್ನಬೇಕೋ?" ಎಂದು ಕೇಳಿದೆ.

ಅವರು ಡ್ರಾಯಿಂಗಿನ ಮೇಲೆ ಬೆರಳಿಟ್ಟು ಹೇಳಿದರು. "ತಂಗಿ, ತುದಿ ನೋಡು. ಕೂಡು ಕೊರದಿದ್ರ ಅದು ತೊಲಿ. ಬರೇ ಉದ್ದಕ್ಕ ಕೊಯ್ದಿದ್ರ ಅದು ಇನ್ನೂ ಕಟ್ಟಿಗಿ."

4418ರ ವಿವರಣೆಯೂ ಇದನ್ನೇ ಹೇಳುತ್ತದೆ. ಕಟ್ಟಡದ ಮರಗೆಲಸದ ವಸ್ತುಗಳು ಜೋಡಿಸಿದ ರೂಪದಲ್ಲಾದರೂ ಇರಬೇಕು, ಇಲ್ಲವೇ ಜೋಡಿಸಲೆಂದೇ ಕೂಡು ಕೊರೆದ, ನೋಡಿದರೆ ಗುರುತು ಸಿಗುವ ಬಿಡಿ ತುಂಡುಗಳಾಗಿರಬೇಕು. ಅದೇ ಅಳತೆಯ, ಅದೇ ಮರದ ತುಂಡನ್ನು ಉದ್ದಕ್ಕೆ ಕೊಯ್ದು, ಹತ್ತರಿ ಹೊಡೆದು, ತುದಿಗೆ ತುದಿ ಅಂಟಿಸಿ ಕಳಿಸಿದರೂ ಅದು 4407ರಲ್ಲೇ ಉಳಿಯುತ್ತದೆ. 6 ಮಿಲಿಮೀಟರಿಗಿಂತ ದಪ್ಪ ಇರಬೇಕು, ಅಷ್ಟೇ. ಮುಂದೆ ಅದು ಯಾರ ಮನೆಯ ಮಾಡಿಗೆ ಹೋಗುತ್ತದೆ ಎಂದು ಟ್ಯಾರಿಫ್ ಕೇಳುವುದಿಲ್ಲ. ಬಂದರಿಗೆ ಬಂದ ದಿನ ಆ ಮರಕ್ಕೆ ಏನು ಕೆಲಸ ಆಗಿದೆ, ಅದನ್ನು ಕೇಳುತ್ತದೆ. ನನಗೆ ಇದು ಹೊಳೆದದ್ದು ಕಾಕಾ ಬೆರಳಿಟ್ಟ ಮೇಲೆ.

ಕಂಬ ಮತ್ತು ದೊಡ್ಡ ತೊಲೆಗಳ ಸ್ಯಾಂಪಲ್ಲನ್ನು ಕಾಕಾ ತುದಿ ಕಡೆಯಿಂದ ನೋಡಿ, ಇದು ಒಂದೇ ಮರ ಅಲ್ಲ, ಹಲಗೆ ಮೇಲೆ ಹಲಗೆ ಅಂಟಿಸಿದ್ದು ಎಂದರು. ಎಲ್ಲ ಹಲಗೆಯ ಎಳೆಯೂ ಒಂದೇ ದಿಕ್ಕಿಗಿತ್ತು. ಅದು ಗ್ಲೂಲ್ಯಾಮ್, 4418 81. ಒಂದು ಪದರದ ಎಳೆ ಉದ್ದಕ್ಕೆ, ಮುಂದಿನದು ಅಡ್ಡಕ್ಕೆ ಹೀಗೆ ಹೆಣೆದಂತೆ ಅಂಟಿಸಿದ್ದರೆ ಸಿಎಲ್‌ಟಿ, ಅದು 4418 82. ಇಂಗ್ಲಿಷಿನ ಐ ಅಕ್ಷರದ ಆಕಾರದ ತೊಲೆ 4418 83. ಈ ನಂಬರುಗಳು 2022ರ ಜನವರಿ 1ರಿಂದ ಬಂದವು. ಕಾರ್ಖಾನೆಯವರು ತಮ್ಮ ಕಾಗದದಲ್ಲಿ ಕಂಬ ತೊಲೆಗಳಿಗೆ 4418 60 ಎಂದು ಬರೆದಿದ್ದರು. ಅದು ಹಳೆಯ ನಂಬರ್, 2022ರಲ್ಲಿ ತೆಗೆದುಹಾಕಿದ್ದಾರೆ. ಅಂಟಿಸದ ಗಟ್ಟಿ ಮರದ ಕಂಬ ತೊಲೆಗಳಿಗೆ ಈಗ 4418 30. ವಿದೇಶದವರು ಕೊಟ್ಟ ನಂಬರನ್ನು ಹಾಗೇ ನಕಲು ಮಾಡಬೇಡಿ. ಮೊದಲ 6 ಅಂಕಿ ಎಲ್ಲ ದೇಶಕ್ಕೂ ಒಂದೇ ಆದರೂ ಅವರ ಕಡತ ಯಾವ ವರ್ಷದ್ದೋ ಇರಬಹುದು. ಕೊನೆಯ 2 ಅಂಕಿಯಂತೂ ನಮ್ಮ ದೇಶದ್ದು.

ಜಂತಿಗಳು ಗಟ್ಟಿ ಮರದವು. ಗೋಡೆಯ ತೊಲೆಯ ಮೇಲೆ ಕೂರಲು ಕೆಳಗೆ ಕಚ್ಚು ಕೊರೆದಿದ್ದರು. ಇವು 4418 ಎನ್ನುವುದರಲ್ಲಿ ಅನುಮಾನ ಇರಲಿಲ್ಲ. ಕಂಬವೂ ಅಲ್ಲ, ತೊಲೆಯೂ ಅಲ್ಲ ಎಂದು 4418 99ರಲ್ಲಿ ಹಾಕಿದೆ. ಡ್ರಾಯಿಂಗ್ ಜೊತೆಗಿಟ್ಟು ಕಾರಣ ಬರೆದಿದ್ದೆ, ಅಧಿಕಾರಿ ಒಪ್ಪಿದರು. ರೀಪುಗಳಿಗೆ ಬರೀ ಕೊಯ್ತ, ಹತ್ತರಿ, ಅಳತೆ. ಅವು 4407.

ನನ್ನನ್ನು ಹೆಚ್ಚು ಕಾಡಿದ್ದು ಹೊರಗೋಡೆಯ ಹಲಗೆ. ಅದರ ಅಂಚಿನಲ್ಲಿ ಒಂದು ಕಡೆ ನಾಲಿಗೆ, ಇನ್ನೊಂದು ಕಡೆ ಆ ನಾಲಿಗೆ ಕೂರುವ ತೋಡು. ಒಂದರೊಳಗೆ ಒಂದು ಕೂರುತ್ತದೆ. ಕೂಡು ಇದೆಯಲ್ಲ, ಇದೂ 4418 ಎಂದುಕೊಂಡಿದ್ದೆ. ಆದರೆ ಈ ನಾಲಿಗೆ ತುದಿಯಲ್ಲಿಲ್ಲ, ಹಲಗೆಯ ಉದ್ದಕ್ಕೂ ಒಂದೇ ಸಮ ಹೋಗಿದೆ. ಎಲ್ಲಿ ಬೇಕಾದರೂ ಕತ್ತರಿಸಬಹುದು, ಯಾವ ಗೋಡೆಗೆ ಬೇಕಾದರೂ ಹೊಡೆಯಬಹುದು. ಹೀಗೆ ಅಂಚಿನುದ್ದಕ್ಕೂ ಆಕಾರ ಕೊಟ್ಟ ಮರಕ್ಕೆ ಬೇರೆಯೇ ಹೆಡಿಂಗ್ ಇದೆ, 4409. ಬಾಗಿಲ ಪಟ್ಟಿ, ಮೋಲ್ಡಿಂಗ್ ತರಿಸುವವರೂ ಈ ವ್ಯತ್ಯಾಸ ನೆನಪಿಡಿ. ಉದ್ದಕ್ಕೆ ಕೊರೆದದ್ದು 4409. ಒಂದು ನಿರ್ದಿಷ್ಟ ಜಾಗದಲ್ಲಿ ಇನ್ನೊಂದು ತುಂಡು ಬಂದು ಕೂರಲೆಂದು ಕೊರೆದದ್ದು 4418.

ಸ್ಕ್ರೂಗಳು 7318. ಅದರಲ್ಲಿ ಹೇಳುವಂಥದ್ದೇನೂ ಇಲ್ಲ.

ಈ ಪಟ್ಟಿ, ಡ್ರಾಯಿಂಗು, ತುಂಡಿನ ನಂಬರು ಎಲ್ಲ ಸೇರಿಸಿ ಉತ್ತರ ಕೊಟ್ಟೆ. ಮೊದಲು 9406 ಹಾಕಿದ್ದು ಏಕೆ, ಈಗ ಬದಲಿಸುವುದು ಏಕೆ ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದೆ. ಮಾಲನ್ನು ತೆರೆದು ನೋಡಿ ಎಂದು ನಾನೇ ಕೇಳಿಕೊಂಡೆ. 9 ದಿನ ಹೋಯಿತು. ಕಂಟೇನರಿನ ಫ್ರೀ ದಿನಗಳು ಮುಗಿದು ಡಿಟೆನ್ಷನ್, ಅಂದರೆ ಕಂಟೇನರ್ ತಡವಾಗಿ ಮರಳಿಸುವುದಕ್ಕೆ ಹಡಗು ಕಂಪನಿಗೆ ಕೊಡುವ ಹಣ, ಕಟ್ಟಬೇಕಾಯಿತು. ಆ ಹಣ ನಮ್ಮ ಲಾಭದಿಂದಲೇ ಹೋಯಿತು. 12 ದಿನದ ನಂತರ ಎರಡನೇ ಕಂಟೇನರ್ ಬಂತು. ಅದರ ಕಿಟಕಿಗಳನ್ನು 4418 19, ಬಾಗಿಲುಗಳನ್ನು 4418 29 ಎಂದು ಮೊದಲೇ ವಿಂಗಡಿಸಿಟ್ಟಿದ್ದೆ. ಸ್ಪ್ರೂಸ್ ಉಷ್ಣವಲಯದ ಮರ ಅಲ್ಲ, ಅದಕ್ಕೇ ಈ ನಂಬರು. ಅದೇ ನಮ್ಮ ಸಾಗವಾನಿಯಂಥ ಉಷ್ಣವಲಯದ ಮರದ್ದಾಗಿದ್ದರೆ ಕಿಟಕಿಗೆ 4418 11, ಬಾಗಿಲಿಗೆ 4418 21. ಆ ಕಂಟೇನರಿಗೆ ಒಂದೂ ಕ್ವೆರಿ ಬರಲಿಲ್ಲ.

ಡ್ಯೂಟಿ ಎಷ್ಟು ಎಂದು ಎಲ್ಲರೂ ಮೊದಲು ಕೇಳುತ್ತಾರೆ. ಲೆಕ್ಕದ ಕ್ರಮ ಹೀಗೆ: ಮೊದಲು ಬೇಸಿಕ್ ಡ್ಯೂಟಿ, ಆ ಡ್ಯೂಟಿಯ ಮೇಲೆ ಶೇ 10 ಸಮಾಜ ಕಲ್ಯಾಣ ಸರ್ಚಾರ್ಜ್, ಮಾಲಿನ ಬೆಲೆಗೆ ಇವೆರಡನ್ನೂ ಕೂಡಿ ಅದರ ಮೇಲೆ ಐಜಿಎಸ್‌ಟಿ, ಅಂದರೆ ಆಮದಿಗೆ ಹಾಕುವ ಜಿಎಸ್‌ಟಿ. ಬೇಸಿಕ್ ಶೇ 10, ಐಜಿಎಸ್‌ಟಿ ಶೇ 18 ಇದ್ದರೆ 100 ರೂಪಾಯಿ ಮಾಲಿಗೆ 30 ರೂಪಾಯಿ 98 ಪೈಸೆ ಆಗುತ್ತದೆ. ದರ ನೋಟಿಫಿಕೇಶನ್ ಬಂದಾಗೆಲ್ಲ ಬದಲಾಗುತ್ತದೆ, ಬಿಲ್ ಹಾಕುವ ದಿನದ್ದನ್ನೇ ನೋಡಿ. ಆದರೆ ದರ ನೋಡಿಕೊಂಡು ಹೆಡಿಂಗ್ ಹುಡುಕಬೇಡಿ. 2011ರಿಂದ ಸೆಲ್ಫ್ ಅಸೆಸ್‌ಮೆಂಟ್ ಇದೆ. ನಂಬರ್ ಹಾಕುವವರು ನಾವು, ಜವಾಬ್ದಾರಿಯೂ ನಮ್ಮದೇ.

ಒಂದೇ ಥರದ ಮಾಲನ್ನು ಮತ್ತೆ ಮತ್ತೆ ತರಿಸುವವರಿಗೆ ಅಡ್ವಾನ್ಸ್ ರೂಲಿಂಗ್ ದಾರಿ ಇದೆ. ದೆಹಲಿ ಮತ್ತು ಮುಂಬೈಯಲ್ಲಿ ಇದರ ಪ್ರಾಧಿಕಾರ ಇದೆ. ಮಾಲು ತರಿಸುವ ಮೊದಲೇ ವರ್ಗೀಕರಣ ಕೇಳಿ ಪಡೆಯಬಹುದು. ಕಾನೂನು ಬದಲಾಗದಿದ್ದರೆ ಆ ತೀರ್ಪು 3 ವರ್ಷ ನಡೆಯುತ್ತದೆ.

2024ರಲ್ಲಿ ಅದೇ ಗಿರಾಕಿಯ ಅಣ್ಣನವರಿಗೆ ಇನ್ನೊಂದು ಮನೆ ಬೇಕಾಯಿತು. ಈ ಸಲ ಆರ್ಡರಿನಲ್ಲೇ ಬರೆಸಿದೆ: ಎರಡೂ ಕಂಟೇನರ್ ಒಂದೇ ಹಡಗು, ಒಂದೇ ಬಿಲ್ ಆಫ್ ಲೇಡಿಂಗ್ (ಮಾಲು ಹತ್ತಿಸಿದ್ದಕ್ಕೆ ಹಡಗು ಕಂಪನಿ ಕೊಡುವ ರಸೀದಿ). ಒಂದು ತಪ್ಪಿದರೆ ಇನ್ನೊಂದನ್ನೂ ಹತ್ತಿಸಬಾರದು. ಇನ್‌ವಾಯ್ಸ್‌ನಲ್ಲಿ 'ಕಿಟ್' ಎಂಬ ಒಂದು ಸಾಲು ಸಾಲದು, ಪ್ರತಿ ತುಂಡಿಗೂ ಮರದ ಹೆಸರು, ಅಳತೆ, ಅಂಟಿಸಿದ್ದೋ ಗಟ್ಟಿಯೋ, ಕೂಡು ಕೊರೆದಿದ್ದೋ ಇಲ್ಲವೋ, ಡ್ರಾಯಿಂಗಿನ ನಂಬರ್ ಇರಬೇಕು. ಪ್ಯಾಕಿಂಗಿನ ಕಟ್ಟಿಗೆಯ ಮೇಲೆ, ಹುಳ ಸಾಯಲೆಂದು ಅದನ್ನು 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿದ್ದಕ್ಕೆ ಹಾಕುವ ಮುದ್ರೆ ಇರಬೇಕು ಎಂದೂ ಸೇರಿಸಿದೆ. ಎರಡೂ ಕಂಟೇನರಿಗೆ ಒಂದೇ ಬಿಲ್ ಆಫ್ ಎಂಟ್ರಿ ಹಾಕಿ 9406 10 ಎಂದು ಘೋಷಿಸಿದೆ. ಮರದ ಮನೆ ಪೂರ್ತಿಯಾಗಿ, ಒಟ್ಟಿಗೆ ಬಂದಿತ್ತು. ಅಧಿಕಾರಿ ಡ್ರಾಯಿಂಗ್ ಕೇಳಿದರು, ಕೊಟ್ಟೆವು. ನಾಲ್ಕನೇ ದಿನ ಲಾರಿಗಳು ಕೊಲ್ಲಾಪುರ, ಬೆಳಗಾವಿ ದಾಟಿ ಬರುತ್ತಿದ್ದವು.

ಹೊಲದಲ್ಲಿ ಮಾಲು ಇಳಿಸುವಾಗ ಬಡಿಗೇರ ಕಾಕಾ ಕಿವಿಯಲ್ಲಿದ್ದ ಪೆನ್ಸಿಲ್ ತೆಗೆದುಕೊಂಡು, ಒಂದೊಂದು ತೊಲೆಯ ನಂಬರ್ ಓದಿಸಿ, ಪಟ್ಟಿಯಲ್ಲಿ ಗುರುತು ಹಾಕುತ್ತ ನಿಂತರು. ನಾವು ಬಂದರಿಗೆ ಕೊಟ್ಟದ್ದೂ ಅದೇ ಪಟ್ಟಿ.