ಸೋಡಿಯಂ ಎಲೆಕ್ಟ್ರಾನನ್ನು ಸುಮ್ಮನೆ ಕೊಡುವುದಿಲ್ಲ

ಮುಂಬಯಿಯ ಕನ್ನಡ ರಾತ್ರಿ ಶಾಲೆಯೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಹಗಲೆಲ್ಲ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು ಬರುವ ಕರಾವಳಿಯ ಹುಡುಗರು. ಅವರಿಗೆ ರಾಸಾಯನಿಕ ಬಂಧದ ಪಾಠವನ್ನು ನಾನು ಅಷ್ಟಕ ನಿಯಮದಿಂದ, ಅಂದರೆ ಹೊರಕವಚದಲ್ಲಿ ಎಂಟು ಎಲೆಕ್ಟ್ರಾನ್ ಇದ್ದರೆ ಪರಮಾಣು ಸ್ಥಿರ ಎಂಬ ನಿಯಮದಿಂದ, ಆರಂಭಿಸುವುದಿಲ್ಲ. ‘ಸೋಡಿಯಂ ಒಂದು ಎಲೆಕ್ಟ್ರಾನನ್ನು ಕೊಟ್ಟು ಸ್ಥಿರವಾಗುತ್ತದೆ’ ಎಂಬುದು ಬಾಯಿಪಾಠಕ್ಕೆ ಸುಲಭ. ಆದರೆ ಸೋಡಿಯಂ ತಾನಾಗಿ ಕೊಡುವುದಿಲ್ಲ, ಅದರಿಂದ ಕೀಳಬೇಕು.

ಎಷ್ಟು ಶಕ್ತಿ ಹಾಕಿ ಕೀಳಬೇಕು ಎಂಬುದನ್ನೇ ಹಲಗೆಯ ಮೇಲೆ ಬರೆಯುತ್ತೇನೆ. ಅನಿಲರೂಪದ ಒಂದು ಮೋಲ್ (ಸುಮಾರು 6 × 10²³) ಸೋಡಿಯಂ ಪರಮಾಣುಗಳಿಂದ ತಲಾ ಒಂದು ಎಲೆಕ್ಟ್ರಾನ್ ಕೀಳಲು 496 ಕಿಲೋಜೂಲ್ ಬೇಕು. ಕ್ಲೋರಿನ್ ಪರಮಾಣುಗಳು ಅವನ್ನು ಪಡೆದಾಗ ಹೊರಬರುವುದು 349 ಮಾತ್ರ. 147 ಕೊರತೆ ಬಿತ್ತು.

“ಹಾಗಾದರೆ ಉಪ್ಪು ಆಗಲೇಬಾರದಲ್ಲ, ಸರ್?” ಎಂದು ಹೋಟೆಲಿನ ಗಲ್ಲಾದಲ್ಲಿ ಕೂರುವ ಹುಡುಗನೊಬ್ಬ ಕೇಳಿದ. ಈ ಪ್ರಶ್ನೆಗಾಗಿಯೇ ನಾನು ಕಾಯುತ್ತಿರುತ್ತೇನೆ. ಜಮಾ, ಖರ್ಚು ಎಂದು ಎರಡು ಅಂಕಣ ಎಳೆಯಲು ಅವನನ್ನೇ ಕರೆದೆ. ಖರ್ಚಿನ ಕಡೆ ಇನ್ನೂ ಎರಡು ಬಾಬತ್ತು ಸೇರಿದವು: ಘನ ಸೋಡಿಯಮನ್ನು ಬಿಡಿ ಪರಮಾಣುಗಳಾಗಿಸಲು 107, ಅರ್ಧ ಮೋಲ್ ಕ್ಲೋರಿನ್ ಅಣುಗಳನ್ನು ಒಡೆದು ಒಂದು ಮೋಲ್ ಪರಮಾಣು ಪಡೆಯಲು 121. ಒಟ್ಟು ಕೊರತೆ 375. ಇನ್ನು ಜಮಾ: ಎಲೆಕ್ಟ್ರಾನ್ ಕಳೆದುಕೊಂಡ ಧನ ಅಯಾನು, ಪಡೆದ ಋಣ ಅಯಾನುಗಳು ಪರಸ್ಪರ ಸೆಳೆದು ಸ್ಫಟಿಕವಾಗುವಾಗ 787 ಕಿಲೋಜೂಲ್ ಹೊರಬರುತ್ತದೆ. ಅಲ್ಲಿ ಪ್ರತಿ ಸೋಡಿಯಂ ಅಯಾನಿನ ಸುತ್ತ ಆರು ಕ್ಲೋರೈಡ್ ಅಯಾನುಗಳಿರುತ್ತವೆ. ಉಳಿದದ್ದು 412. ಸೋಡಿಯಂ, ಕ್ಲೋರಿನ್‌ಗಳಿಂದ ಒಂದು ಮೋಲ್ ಉಪ್ಪು ಆಗುವಾಗ ಹೊರಬರುವ ಶಕ್ತಿ ಪ್ರಯೋಗದಲ್ಲಿ ಅಳೆದಂತೆ ಸುಮಾರು 411 ಎಂದಾಗ ತರಗತಿಯೇ ಎದ್ದು ಕುಳಿತಿತು. ಸಂಖ್ಯೆ ತಾಳೆಯಾಗುವುದರ ಸಂತೋಷ ಅವರಿಗೆ ಚೆನ್ನಾಗಿ ಗೊತ್ತು.

ಉಪ್ಪಿನಲ್ಲಿ ಅಯಾನುಗಳಿವೆ ಎಂದು ತೋರಿಸಲು ಒಂದು ಬ್ಯಾಟರಿ, ಪುಟ್ಟ ಎಲ್‌ಇಡಿ ಸಾಕು: ಒಣ ಉಪ್ಪಿನಲ್ಲಿ ದೀಪ ಹತ್ತುವುದಿಲ್ಲ, ಉಪ್ಪು ನೀರಿನಲ್ಲಿ ಹತ್ತುತ್ತದೆ, ಸಕ್ಕರೆ ನೀರಿನಲ್ಲಿ ಇಲ್ಲ. ಅಯಾನುಗಳು ಬಿಡುಗಡೆಯಾಗಿ ಓಡಾಡಿದರೆ ಮಾತ್ರ ವಿದ್ಯುತ್ ಹರಿಯುತ್ತದೆ.

ಸಕ್ಕರೆಯ ಅಣುವಿನಲ್ಲಿರುವುದು ಹಂಚಿಕೆಯ ಬಂಧ. ಅದನ್ನು ವಿವರಿಸಲು ನಾನು ಹೈಡ್ರೋಜನ್ನಿಗೆ ಹೋಗುತ್ತೇನೆ. 1916ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ಲೂಯಿಸ್, ಪರಮಾಣುಗಳು ಎಲೆಕ್ಟ್ರಾನ್ ಜೋಡಿಯನ್ನು ಹಂಚಿಕೊಳ್ಳುವ ವಿಚಾರವನ್ನು ಮುಂದಿಟ್ಟರು. ಆ ಜೋಡಿ ಏಕೆ ಬಂಧಿಸುತ್ತದೆ ಎಂಬುದಕ್ಕೆ ಕ್ವಾಂಟಂ ಲೆಕ್ಕ ಬಂದದ್ದು 1927ರಲ್ಲಿ, ಭೌತವಿಜ್ಞಾನಿಗಳಾದ ಹೈಟ್ಲರ್ ಮತ್ತು ಲಂಡನ್ ಅವರಿಂದ. ಎರಡು ಬೀಜಕೇಂದ್ರಗಳ ನಡುವೆ ಎಲೆಕ್ಟ್ರಾನ್ ಸಾಂದ್ರತೆ ಹೆಚ್ಚುತ್ತದೆ, ಎರಡೂ ಅದರತ್ತ ಸೆಳೆಯಲ್ಪಡುತ್ತವೆ. 74 ಪಿಕೋಮೀಟರ್ (ಮೀಟರಿನ ಲಕ್ಷ ಕೋಟಿಯ ಒಂದು ಪಾಲು ಒಂದು ಪಿಕೋಮೀಟರ್) ಅಂತರದಲ್ಲಿ ಸೆಳೆತ, ವಿಕರ್ಷಣೆಗಳು ಸಮವಾಗುತ್ತವೆ. ಆ ಬಂಧ ಮುರಿಯಲು ಮೋಲ್‌ಗೆ 436 ಕಿಲೋಜೂಲ್ ಬೇಕು.

ಇಷ್ಟಾದ ಮೇಲೆ ಹೈಡ್ರೋಜನ್ ಕ್ಲೋರೈಡ್ ಬರೆದು, “ಇದು ಕೊಡುವುದೋ, ಹಂಚಿಕೊಳ್ಳುವುದೋ?” ಎಂದು ಕೇಳುತ್ತೇನೆ. ಬಂಧದ ಎಲೆಕ್ಟ್ರಾನನ್ನು ಪರಮಾಣು ತನ್ನತ್ತ ಎಷ್ಟು ಸೆಳೆಯುತ್ತದೆ ಎಂದು ಹೇಳುವ ಪೌಲಿಂಗ್ ಮಾಪಕದಲ್ಲಿ ಹೈಡ್ರೋಜನ್ 2.20, ಕ್ಲೋರಿನ್ 3.16. ಹಂಚಿಕೆಯೇ, ಆದರೆ ಜೋಡಿ ಕ್ಲೋರಿನ್ ಕಡೆಗೆ ವಾಲಿದೆ. 0.93 ಇರುವ ಸೋಡಿಯಂ ಆ ಜಾಗಕ್ಕೆ ಬಂದರೆ ಏನಾಗುತ್ತದೆ ಎಂದು ಹುಡುಗರು ತಾವೇ ಹೇಳುತ್ತಾರೆ.