ಬೆಳಗಿನ ಶೋಗೆ ಕೆಆರ್‌ಎಸ್ ನೀರಿನ ಮಟ್ಟ: ಮೈಸೂರಿನ ಎಫ್‌ಎಂನಲ್ಲಿ ನನ್ನ ಅನುಭವ

ಅಣೆಕಟ್ಟೆಯ ನೀರು, ಹೂವಿನ ರೇಟು, ಕರೆಂಟ್ ಹೋಗುವ ಬಡಾವಣೆ ಇವನ್ನೆಲ್ಲ ಇಟ್ಟುಕೊಂಡು ಪ್ರೈವೇಟ್ ಎಫ್‌ಎಂನಲ್ಲಿ ಬೆಳಗಿನ ಶೋ ನಡೆಯಲ್ಲ ಅಂತ ನನಗೆ ಹೇಳಿದವರು ಒಬ್ಬಿಬ್ಬರಲ್ಲ. "ಅದು ಆಕಾಶವಾಣಿ ಕೆಲಸ, ನೀನು ಜೋಕ್ ಹೇಳು" ಅಂದರು. ಇವತ್ತು ಅದೇ ಶೋನಲ್ಲಿ ಸ್ಪಾನ್ಸರ್ ಇಲ್ಲದ ಗಂಟೆ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಸೇರಿದಾಗ ಸಂಬಳ ಹತ್ತು ಸಾವಿರದ ಒಳಗೆ. ಸ್ಕ್ರಿಪ್ಟ್ ಅರ್ಧ ಬೆಂಗಳೂರಿನಿಂದ ಬರುತ್ತಿತ್ತು. ಮೈಸೂರಿನ ಅಗ್ರಹಾರದಲ್ಲಿ ಇಡ್ಲಿ ತಿನ್ನುತ್ತಾ ಕೂತವರಿಗೆ ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ ಯಾಕೆ ಬೇಕು? ಮೊದಲು ಪ್ರಾಂಕ್ ಕಾಲ್ ಮಾಡಿಸಿದರು. ಮೈಸೂರಿನಲ್ಲಿ ಎಲ್ಲರೂ ಎಲ್ಲರಿಗೂ ಬೇಕಾದವರೇ. ಪ್ರಾಂಕ್‌ಗೆ ಸಿಕ್ಕವರ ನೆಂಟರು ನಮಗೆ ಜಾಹೀರಾತು ಕೊಡುತ್ತಿದ್ದ ಸೀರೆ ಅಂಗಡಿಯವರು. ತಿಂಗಳಿಗೆ ನಲವತ್ತು ಸಾವಿರದಷ್ಟಿದ್ದ ಕಾಂಟ್ರಾಕ್ಟ್ ನಿಂತೇಹೋಯಿತು. ಆಮೇಲೆ ರಾತ್ರಿ ಪ್ರೇಮಪತ್ರದ ಶೋ ಕೊಟ್ಟರು. ದಿನಾ ಫೋನ್ ಮಾಡುವವರು ಅದೇ ಹತ್ತು ಹನ್ನೆರಡು ಜನ. ಒಂದು ರೂಪಾಯಿ ಸ್ಪಾನ್ಸರ್ ಬರಲಿಲ್ಲ.

ಪ್ರೈವೇಟ್ ಎಫ್‌ಎಂ ಸ್ವಂತ ನ್ಯೂಸ್ ಮಾಡುವಂತಿಲ್ಲ ಅನ್ನೋದು ಎಲ್ಲರಿಗೂ ಗೊತ್ತು. ಆದರೆ 2011ರ ಮೂರನೇ ಹಂತದ ಎಫ್‌ಎಂ ನೀತಿಯನ್ನು ಕೂತು ಓದಿದವರು ಕಡಿಮೆ. ಹವಾಮಾನ, ಟ್ರಾಫಿಕ್, ನೀರು ಮತ್ತು ವಿದ್ಯುತ್ ಪ್ರಕಟಣೆ, ಪರೀಕ್ಷೆ, ಫಲಿತಾಂಶ, ಹಬ್ಬ ಇವೆಲ್ಲ ನ್ಯೂಸ್ ಅಲ್ಲ ಎಂದು ಅದರಲ್ಲೇ ಇದೆ. ನಾನು ಅದರ ಪ್ರಿಂಟ್ ತೆಗೆದು ನಮ್ಮ ಪ್ರೋಗ್ರಾಮಿಂಗ್ ಹೆಡ್ ಮೇಜಿನ ಮೇಲಿಟ್ಟೆ. ಇನ್ನೊಂದು ಮಾತೂ ಹೇಳಿದೆ. 1935ರಲ್ಲೇ ಮಹಾರಾಜ ಕಾಲೇಜಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಅವರು ಮನೆಯಲ್ಲಿ ಟ್ರಾನ್ಸ್‌ಮಿಟರ್ ಇಟ್ಟು ರೇಡಿಯೋ ನಡೆಸಿದ ಊರು ಇದು. ಇಲ್ಲಿನವರಿಗೆ ರೇಡಿಯೋದಲ್ಲಿ ತಮ್ಮ ಊರು ಕೇಳಬೇಕು. ಹೆಡ್ ಮೂರು ತಿಂಗಳು ಕೊಡುತ್ತೇನೆ ಅಂದರು.

ಜೂನ್‌ನಲ್ಲಿ ಶುರು ಮಾಡಿದೆ. ಏಳೂಕಾಲಿಗೆ ಕೆಆರ್‌ಎಸ್ ಮಟ್ಟ, ಇಷ್ಟು ಅಡಿ, ತುಂಬಲು ಇನ್ನೆಷ್ಟು. 124.80 ಅಡಿ ಅಂದರೆ ಅಣೆಕಟ್ಟೆ ತುಂಬಿತು ಅಂತ ಈ ಭಾಗದಲ್ಲಿ ಮಕ್ಕಳಿಗೂ ಗೊತ್ತು, ಅಲ್ವಾ? ಆಮೇಲೆ ಕರೆಂಟ್ ತೆಗೆಯುವ ಬಡಾವಣೆಗಳು. ಎಂಟಕ್ಕೆ ದೇವರಾಜ ಮಾರುಕಟ್ಟೆಯ ಮಲ್ಲಿಗೆ, ಸೇವಂತಿಗೆ ಮಾತು. ಮೊದಮೊದಲು ಕೈಕೊಟ್ಟಿತು. ಲಿಂಕ್, ಅಂದರೆ ಹಾಡುಗಳ ನಡುವೆ ನಾನು ಆಡುವ ಮಾತು, ಎರಡು ನಿಮಿಷ ಆಗುತ್ತಿತ್ತು, ಜನ ಚಾನೆಲ್ ಬದಲಿಸುತ್ತಿದ್ದರು. ಹಾಡಿನ ಶುರುವಿನ ಸಂಗೀತದ ಮೇಲೆ ಆಡುವ ಇಪ್ಪತ್ತು ಸೆಕೆಂಡ್‌ಗೆ ಇಳಿಸಿದ ಮೇಲೆ ನಮ್ಮಲ್ಲೇ ಉಳಿದರು. ಜುಲೈ ಮಳೆಗೆ ಪಾಂಡವಪುರದ ಕಡೆಯಿಂದಲೂ ವಾಟ್ಸಾಪ್ ಬರತೊಡಗಿತು.

ಚಾನೆಲ್ ಬದಲಿಸುವುದು ಹೇಗೆ ಗೊತ್ತಾಯಿತು ಅಂತೀರಾ? ಶೋ ಇಲ್ಲದ ದಿನಗಳಲ್ಲಿ ರೈಲ್ವೆ ಸ್ಟೇಷನ್ ಹತ್ತಿರದ ಆಟೋ ಸ್ಟ್ಯಾಂಡ್‌ನಲ್ಲಿ ಸುಮ್ನೆ ಕೂರುತ್ತಿದ್ದೆ. ಡ್ರೈವರ್‌ಗಳ ಕೈ ಯಾವಾಗ ಗುಂಡಿಯ ಕಡೆ ಹೋಗುತ್ತದೆ ಅಂತ ನೋಡುತ್ತಿದ್ದೆ. ಬಹುತೇಕ ಮೂರನೇ ಜಾಹೀರಾತಿಗೆ. ಹಾಗಾಗಿ ಒಂದು ಬ್ರೇಕ್‌ಗೆ ಎರಡೇ ಸ್ಪಾಟ್, ಬ್ರೇಕ್ ಜಾಸ್ತಿ ಮಾಡಿದೆ. ಸೇಲ್ಸ್‌ನವರು ಜಗಳ ಆಡಿದರು. ನಾನು ಬಿಡಲಿಲ್ಲ.

ಲೆಕ್ಕ ತೋರಿಸುವುದು ನಿಜವಾದ ಕಷ್ಟ. ಕೇಳುಗರನ್ನು ಅಳೆಯುವ ರ‍್ಯಾಮ್ ಇದ್ದದ್ದು ಬೆಂಗಳೂರು, ಮುಂಬೈ, ದೆಹಲಿ, ಕೋಲ್ಕತ್ತಾದಲ್ಲಿ. ಮೈಸೂರಿಗೆ ಅದರ ಭಾಗ್ಯವಿಲ್ಲ. ಒಂದು ಸ್ವೀಟ್ ಅಂಗಡಿಯವರನ್ನು ಒಪ್ಪಿಸಿದೆ. ಶೋನಲ್ಲಿ ದಿನಕ್ಕೊಂದು ಪದ ಹೇಳುತ್ತೇನೆ, ಅಂಗಡಿಗೆ ಬಂದು ಆ ಪದ ಹೇಳಿದವರಿಗೆ ಒಂದು ತುಂಡು ಮೈಸೂರು ಪಾಕ್. ವಾರದಲ್ಲಿ ಇನ್ನೂರು ಚಿಲ್ಲರೆ ಜನ ಬಂದರು. ಅಂಗಡಿಯವರ ಚೀಟಿಪುಸ್ತಕವೇ ನನ್ನ ರೇಟಿಂಗ್. ಅದನ್ನು ನೋಡಿಯೇ ಒಬ್ಬ ಬೀಜ, ಗೊಬ್ಬರದ ವ್ಯಾಪಾರಿ ಕೆಆರ್‌ಎಸ್ ಮಟ್ಟವನ್ನು ತಿಂಗಳಿಗೆ ಸುಮಾರು ಅರವತ್ತು ಸಾವಿರಕ್ಕೆ ಸ್ಪಾನ್ಸರ್ ಮಾಡಿದರು.

ಇದರ ನಡುವೆ ಎಪ್ಪತ್ತರ ದಶಕದ ಹಾಡುಗಳದ್ದೇ ಅರ್ಧ ಗಂಟೆ ಮಾಡಿ ನೋಡಿದೆ. ಮನೆಯಲ್ಲಿರುವ ಹೆಂಗಸರ ವಾಯ್ಸ್ ನೋಟ್ ದುಪ್ಪಟ್ಟಾಯಿತು. ಆದರೆ ಆ ಸಮಯಕ್ಕೆ ಬುಕ್ ಆಗಿದ್ದವರು ಮೊಬೈಲ್ ಅಂಗಡಿಯವರು. ಅವರಿಗೆ ಕಾಲೇಜು ಹುಡುಗರು ಬೇಕು. ನಿಲ್ಲಿಸಬೇಕಾಯಿತು, ಇವತ್ತಿಗೂ ಬೇಜಾರಿದೆ. ವಾಯ್ಸ್ ನೋಟ್ ಎಂಟು ಸೆಕೆಂಡ್‌ನಲ್ಲಿ ಮುಗಿಯುವ ಹಾಗೆ ಕೇಳುಗರನ್ನು ಏನು ಕೇಳಬೇಕು ಅನ್ನೋದು ನನ್ನ ಹತ್ತಿರವೇ ಇರಲಿ. ಎಡಿಟ್ ಇಲ್ಲದೆ ನೇರ ಪ್ಲೇ ಮಾಡುತ್ತೇನೆ ಅಂತಷ್ಟೇ ಹೇಳುತ್ತೇನೆ.

2020ರಲ್ಲಿ ಜಾಹೀರಾತು ಒಮ್ಮೆಲೇ ಒಣಗಿತು. ಕೆಲವು ತಿಂಗಳು ಅರ್ಧ ಸಂಬಳ. ಆಗ ಕೈಹಿಡಿದದ್ದು ಒಂದಕ್ಕೆ ಸಾವಿರ, ಸಾವಿರದೈನೂರರಂತೆ ಸಿಕ್ಕ ವಾಯ್ಸ್ ಓವರ್, ಅಂದರೆ ದನಿ ಕೊಡುವ ಕೆಲಸ. ಈಗ ಸಂಬಳ ನಲವತ್ತು ಸಾವಿರದ ಹತ್ತಿರ. ಜತೆಗೆ ಮದುವೆ ರಿಸೆಪ್ಷನ್ ನಿರೂಪಣೆಗೆ ಎಂಟರಿಂದ ಹತ್ತು ಸಾವಿರ.

ಬೇರೆ ಊರಿನವರು ಇಂಥ ಶೋ ಮಾಡುವುದಾದರೆ ನಿಮ್ಮ ಕಡೆಯ ಅಣೆಕಟ್ಟೆಯ ನೀರು ಹಿಡಿಯಿರಿ. ಶಿವಮೊಗ್ಗದವರಿಗೆ ಲಿಂಗನಮಕ್ಕಿಯ 1819 ಅಡಿ ಇದೆ, ಹೊಸಪೇಟೆಯವರಿಗೆ ತುಂಗಭದ್ರೆಯ 1633. ಸ್ಪಾನ್ಸರ್ ಮಾತ್ರ ಮೇ ತಿಂಗಳಲ್ಲೇ ಮಾತಾಡಿಕೊಳ್ಳಿ. ಮಳೆ ಶುರುವಾದ ಮೇಲೆ ಬೀಜದ ಅಂಗಡಿಯವರು ಫೋನ್ ಎತ್ತುವುದಿಲ್ಲ.